ವಾಲ್ಪರೈಸೊದ ನಮ್ಮ ಮನೆ

"ಇಲ್ಲಿ ಇಳಿಯೋದೇ ಬೇಡ ಬಿಡು," ಎಂದು ಅಜ್ಜಿ ಬ್ರೆಡ್ಡಿನ ತಟ್ಟೆಯನ್ನು ಭೂಪಟದ ನಟ್ಟನಡುವೆ ತಂದಿಟ್ಟಳು.

ವಾಲ್ಪರೈಸೊ ತಟ್ಟೆಯಡಿ ಮುಚ್ಚಿಹೋಯಿತು. ಯಾಸ್ನಾ ಕೆಂಪು ಪೆನ್ನನ್ನು ಎತ್ತಿ ಹಿಡಿದಂತೆಯೇ ಅಜ್ಜಿಯ ಮುಖ ನೋಡಿದಳು. ಚಿಲಿ ದೇಶ ಎಷ್ಟು ಉದ್ದವೆಂದರೆ ಸಿಡ್ನಿಯ ಹೊರವಲಯದ ಬಾನಿರಿಗ್‌ನ ಆ ಅಡುಗೆಮನೆಯ ಮೇಜು ಅದಕ್ಕೆ ಸಾಲದೆ ದಕ್ಷಿಣದ ತುದಿ ಪಕ್ಕದ ಕುರ್ಚಿಯ ಮೇಲೆ ಇಳಿಬಿದ್ದಿತ್ತು. ಉತ್ತರದ ಮರುಭೂಮಿಯಿಂದ ಶುರುಮಾಡಿ ಎಂಟು ವಾರದಲ್ಲಿ ಕೆಳಗಿಳಿಯುವ ಯೋಚನೆ. ಇಪ್ಪತ್ತು ವರ್ಷದ ಹುಡುಗಿ, ಒಬ್ಬಳೇ. ಸೆಪ್ಟೆಂಬರಿನ ವಿಮಾನದ ಟಿಕೆಟ್ಟು ಆಗಲೇ ಆಗಿತ್ತು. ಈಗ ಜುಲೈ, ಸಿಡ್ನಿಯಲ್ಲಿ ಚಳಿ, ಮೂಲೆಯ ಗ್ಯಾಸ್ ಹೀಟರ್ ಬುಸುಗುಡುತ್ತಿತ್ತು.

"ಅಜ್ಜಿ, ಮೊದಲು ಅಲ್ಲಿಗೇ ಹೋಗು ಅಂದವಳು ನೀನೇ ತಾನೇ?"

"ಅಂದಿರಬಹುದು."

"ಅಂದಿರಬಹುದು ಅಲ್ಲ, ಅಂದೆ. ನಮ್ಮನೆ ನೋಡ್ಕೊಂಡು ಬಾ, ಗಾಜಿನ ಕಿಟಕಿ ಹತ್ರ ನಿಂತ್ಕೊಂಡು ಬಂದರು ನೋಡು ಅಂದೆ."

"ಈಗ ಬೇಡ ಅಂತಿದೀನಿ. ಆ ಗುಡ್ಡ ಹತ್ತಿ ಇಳಿದು ಮಂಡಿ ಸವೆದುಹೋಗುತ್ತೆ. ಸಾಲದ್ದಕ್ಕೆ ಕಳ್ಳರ ಕಾಟ. ಕೈಯಲ್ಲಿರೋ ಫೋನ್ ಕಿತ್ಕೊಂಡು ಓಡ್ತಾರೆ. ಸೀದಾ ಸ್ಯಾಂಟಿಯಾಗೊಗೆ ಹೋಗು, ಅಲ್ಲಿಂದ ಕೆರೆಗಳಿರೋ ಕಡೆ ಹೋಗು. ಕೆರೆ ಚೆನ್ನಾಗಿರುತ್ತೆ."

"ನಂಗೆ ಇಪ್ಪತ್ತು ವರ್ಷ ಅಜ್ಜಿ. ಮಂಡಿ ಯಾಕೆ ಸವೆಯುತ್ತೆ?"

"ಬ್ರೆಡ್ಡು ತಿನ್ನು. ಆರಿಹೋಗುತ್ತೆ."

ಯಾಸ್ನಾಳಿಗೆ ತಲೆಬುಡ ತಿಳಿಯಲಿಲ್ಲ. ಈ ಪ್ರವಾಸದ ವಿಷಯದಲ್ಲಿ ಎಲ್ಲರದ್ದೂ ಒಂದೊಂದು ರಾಗವಾಗಿತ್ತು. ರಾತ್ರಿ ಬಸ್ಸು ಹತ್ತಲೇಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಉತ್ತರದಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋಗಬೇಕಾದರೆ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲೇ ಕಳೆಯಬೇಕು, ಬೇರೆ ದಾರಿಯಿಲ್ಲ. ಚಿಲಿಯಿಂದಲೇ ಬಂದಿದ್ದ ಪಕ್ಕದ ಬೇಕರಿಯವನು ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಹೋದರೆ ನೆನೆದು ಕೊಳೆಯುತ್ತೀಯ ಎಂದ. ಅವನ ಹೆಂಡತಿ, ದಕ್ಷಿಣ ಬಿಟ್ಟರೆ ಆ ದೇಶದಲ್ಲಿ ನೋಡಲು ಇನ್ನೇನಿದೆ ಎಂದಳು. ಇಷ್ಟೆಲ್ಲದರ ನಡುವೆ ಕದಲದೆ ಇದ್ದದ್ದು ವಾಲ್ಪರೈಸೊ ಒಂದೇ. ಅದನ್ನು ನಡುವೆ ನೆಟ್ಟು ಅತ್ತ ಇತ್ತ ದಿನಗಳನ್ನು ಹಂಚಿದ್ದಳು. ಈಗ ಅದರ ಮೇಲೇ ತಟ್ಟೆ ಬಂದು ಕೂತಿತ್ತು.

ವಾಲ್ಪರೈಸೊದ ಮನೆಯ ಕಥೆ ಯಾಸ್ನಾ ಹುಟ್ಟುವುದಕ್ಕೂ ಮೊದಲಿನದು. ಅವಳ ಅಜ್ಜಿ ಹೆರ್ಮಿಂದಾ ಮಾನ್ಸಿಯಾ ಹುಟ್ಟಿದ್ದು ದಕ್ಷಿಣದ ಚಿಲೊಯೆ ದ್ವೀಪದ ಕಡೆ. ಅವಳ ಅಪ್ಪ ಮರದ ವ್ಯಾಪಾರಿ. ವಾಲ್ಪರೈಸೊದ ಗುಡ್ಡದ ಮೇಲೆ ಹಳದಿ ಬಣ್ಣದ ಮನೆ ಕೊಂಡ. ಆ ಮನೆಯಲ್ಲಿ ಪಿಯಾನೊ ಇತ್ತು, ಮೂರು ಕಡೆ ಗಾಜಿನ ಹಜಾರವಿತ್ತು. ಅಲ್ಲಿ ಕೂತರೆ ಬಂದರಿಗೆ ಬರುವ ಹಡಗುಗಳನ್ನು ಎಣಿಸಬಹುದಿತ್ತು. ಎಪ್ಪತ್ತಮೂರರಲ್ಲಿ ಸೈನ್ಯ ಸರ್ಕಾರವನ್ನು ಉರುಳಿಸಿದ ಮರುವರ್ಷ ಗಂಡ ಎವಾರಿಸ್ಟೊನ ಜೊತೆ ಎಲ್ಲ ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದಳು. ಬಂದು ಇಪ್ಪತ್ತಾರು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ನಿಂತು ದುಡಿದಳು. ಹೀಗೆ ಕಥೆ. ಯಾಸ್ನಾಳ ಅಮ್ಮ ಗ್ಲಾಡಿಸ್ ಸಿಡ್ನಿಯಲ್ಲೇ ಹುಟ್ಟಿದವಳು. ಬಾಡಿಗೆ ಮನೆಗಳಲ್ಲಿ ಬೆಳೆಯುವಾಗ, ಶಾಲೆಯಲ್ಲಿ ಯಾರಾದರೂ ಬಟ್ಟೆ ನೋಡಿ ನಕ್ಕರೆ, "ನಮಗೆ ಅಲ್ಲಿ ದೊಡ್ಡ ಮನೆ ಇತ್ತು" ಎನ್ನುತ್ತಿದ್ದಳಂತೆ. ಈಗಲೂ ಅವಳ ಹಜಾರದ ಗೋಡೆಯಲ್ಲಿ ವಾಲ್ಪರೈಸೊದ ಗುಡ್ಡಗಳ ಒಂದು ಚಿತ್ರವಿದೆ. ಬಂದವರಿಗೆಲ್ಲ, "ಎಡಗಡೆಯಿಂದ ಮೂರನೇದು" ಎಂದು ತೋರಿಸುತ್ತಾಳೆ.

ಯಾಸ್ನಾ ಮಾಡಿದ್ದು ಇಷ್ಟೇ. ಅಜ್ಜಿ ಹೇಳುತ್ತಿದ್ದ ಬೀದಿಯ ಹೆಸರು, ಹಳದಿ ಗೋಡೆ, ಗಾಜಿನ ಹಜಾರ, ಪಕ್ಕದಲ್ಲಿ ಇಳಿದುಹೋಗುವ ಮೆಟ್ಟಿಲ ಸಾಲು, ಎಲ್ಲವನ್ನೂ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಬೀದಿಯುದ್ದಕ್ಕೂ ಹುಡುಕಿದಳು. ಮನೆ ಸಿಕ್ಕಿತು. ಈಗ ಅದು ಪ್ರವಾಸಿಗಳಿಗೆ ಕೋಣೆ ಬಾಡಿಗೆಗೆ ಕೊಡುವ ಮನೆ. ಒಡತಿಯ ಹೆಸರು ಪಿಲಾರ್ ಎಚೆನಿಕೆ. ತನ್ನ ಅರೆಬರೆ ಸ್ಪ್ಯಾನಿಷಿನಲ್ಲಿ ಅವಳಿಗೊಂದು ಪತ್ರ ಬರೆದಳು: ನಾನು ಯಾಸ್ನಾ, ಇದು ನಮ್ಮ ಅಜ್ಜಿ ಹೆರ್ಮಿಂದಾ ಮಾನ್ಸಿಯಾರ ಮನೆತನದ ಮನೆ, ಅವರು ಮೂಲತಃ ಚಿಲೊಯೆಯವರು, ಎರಡು ರಾತ್ರಿ ಉಳಿದುಕೊಳ್ಳಬಹುದೇ? ಬರೆದದ್ದನ್ನು ಕಳೆದ ಭಾನುವಾರ ಖುಷಿಯಿಂದ ಅಜ್ಜಿಗೆ ಹೇಳಿದ್ದಳು. ಅಜ್ಜಿ ಎದ್ದು ಹೋಗಿ, ಹಿತ್ತಲಲ್ಲಿ ಇನ್ನೂ ಒಣಗದ ಬಟ್ಟೆಗಳನ್ನು ಒಳಗೆ ತಂದಿದ್ದಳು.

ಪತ್ರಕ್ಕೂ ತಟ್ಟೆಗೂ ಸಂಬಂಧವಿರಬಹುದೆಂದು ಯಾಸ್ನಾಳಿಗೆ ಹೊಳೆಯಲಿಲ್ಲ.

ಉತ್ತರ ಬಂದದ್ದು ಬುಧವಾರ. ಅವಳು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಓದಿದಳು. ಗೊತ್ತಾಗದ ಕಡೆ ಫೋನಿನಲ್ಲಿ ಅರ್ಥ ನೋಡಿದಳು.

"ಪ್ರೀತಿಯ ಯಾಸ್ನಾ, ಕೋಣೆ ಖಾಲಿಯಿದೆ, ಸಂತೋಷದಿಂದ ಬನ್ನಿ. ಆದರೆ ಮಾನ್ಸಿಯಾ ಎಂಬ ಕುಟುಂಬ ಈ ಮನೆಯಲ್ಲಿ ಎಂದೂ ಇರಲಿಲ್ಲ. ಇದು ನನ್ನ ತಾತ ಕಟ್ಟಿಸಿದ್ದು. ನಿಮ್ಮ ಅಜ್ಜಿಗೆ ಬೀದಿ ತಪ್ಪಿರಬೇಕು. ಈ ಗುಡ್ಡದಲ್ಲಿ ಎಲ್ಲ ಬೀದಿಗಳೂ ಒಂದೇ ತರಹ. ಚಿಲೊಯೆ ಎಂದು ಓದಿದಾಗ ಮಾತ್ರ ನನ್ನ ಮನಸ್ಸು ಎಲ್ಲಿಗೋ ಹೋಯಿತು. ನನ್ನ ನಾನಾ ಕಾರ್ಮೆನ್ ಕೂಡ ಅಲ್ಲಿಯವಳು. ಭೂಮಿ ನಡುಗಿದರೆ ನನ್ನನ್ನು ತನ್ನ ಹಾಸಿಗೆಗೆ ಎಳೆದುಕೊಂಡು, ಇದು ಮನೆಯಲ್ಲ ಹಡಗು, ಈಗ ತಾನೇ ಲಂಗರು ಎತ್ತಿದ್ದಾರೆ ಎನ್ನುತ್ತಿದ್ದಳು. ನನಗೆ ಎಂಟು ವರ್ಷವಿದ್ದಾಗ ಒಂದು ಬೆಳಿಗ್ಗೆ ಹೋದವಳು ಮತ್ತೆ ಬರಲಿಲ್ಲ. ಎಲ್ಲಿಗೆ ಹೋದಳೆಂದು ಯಾರೂ ಹೇಳಲಿಲ್ಲ. ಈಗ ನನಗೆ ಅರವತ್ತು. ದ್ವೀಪದ ಕಡೆಯವರು ಯಾರೇ ಬಂದರೂ ಕೇಳುತ್ತೇನೆ. ನಿಮ್ಮ ಅಜ್ಜಿಗೆ ಅಂಥ ಕಾರ್ಮೆನ್ ಯಾರಾದರೂ ಗೊತ್ತೇ?"

ಯಾಸ್ನಾ ಎರಡು ಸಲ ಓದಿದಳು. 'ನಾನಾ' ಎಂಬ ಮಾತನ್ನು ಫೋನು ಹಾಗೆಯೇ ಬಿಟ್ಟಿತ್ತು. ಅದಕ್ಕೆ ಅರ್ಥ ಹುಡುಕುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಸಿಡ್ನಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಅಜ್ಜಿಯನ್ನು ಕರೆಯುವುದೇ ನಾನಾ ಎಂದು. ಈ ಪಿಲಾರಳ ಅಜ್ಜಿ ಕಾರ್ಮೆನ್, ಚಿಲೊಯೆಯವಳು. ತನ್ನ ಅಜ್ಜಿಯೂ ಚಿಲೊಯೆಯವಳು. ಹಾಗಾದರೆ ಮನೆ ಯಾರದು? ಅಜ್ಜಿಗೆ ಬೀದಿ ತಪ್ಪಿದೆಯೇ? ಬೀದಿ ತಪ್ಪಿದ್ದರೆ ಹಳದಿ ಗೋಡೆ, ಗಾಜಿನ ಹಜಾರ, ಮೆಟ್ಟಿಲು, ಎಲ್ಲ ಒಂದೂ ಬಿಡದೆ ಹೊಂದುವುದು ಹೇಗೆ? ಅದಿರಲಿ, ಯಾರ ಮನೆಯ ಅಜ್ಜಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ಓಡಿಹೋಗುತ್ತಾಳೆ?

ಸಂಜೆ ಕಾರಿನಲ್ಲಿ ಅಮ್ಮನಿಗೆ ಹೇಳಿದಳು. ಗ್ಲಾಡಿಸ್ ದಂತವೈದ್ಯರ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ದಿನವಿಡೀ ಫೋನು ಎತ್ತಿ ಸುಸ್ತಾಗಿದ್ದವಳು, ಕೇಳುತ್ತ ಕೇಳುತ್ತ ನೆಟ್ಟಗಾದಳು.

"ಸಂಬಂಧಿಕರು ಕಣೇ! ಇನ್ನೇನು? ಆ ಕಾರ್ಮೆನ್ ನಿಮ್ಮಜ್ಜಿಗೆ ಅಕ್ಕನೋ ಚಿಕ್ಕಮ್ಮನೋ ಆಗಿರ್ತಾಳೆ. ಒಂದೇ ಮನೇಲಿ ಎರಡು ಸಂಸಾರ ಇದ್ದಿರುತ್ತೆ. ಆಮೇಲೆ ಆಸ್ತಿ ಜಗಳ ಆಗಿ, ನಮ್ಮೋರ ಹೆಸರೇ ಅಳಿಸಿಬಿಟ್ಟಿದಾರೆ."

"ಅವಳಜ್ಜಿ ಓಡಿಹೋದಳು ಅಂತ ಬರೆದಿದಾಳಲ್ಲಮ್ಮ."

"ಆ ಕಾಲದಲ್ಲಿ ಏನೇನು ಆಗಿತ್ತೋ. ನಿಮ್ಮಜ್ಜಿಗೆ ಎಲ್ಲ ಗೊತ್ತಿರುತ್ತೆ, ಬಾಯಿ ಬಿಡಲ್ಲ ಅಷ್ಟೇ. ಅದಕ್ಕೇ ಹೋಗ್ಬೇಡ ಅಂತಿರೋದು. ಭಾನುವಾರ ನಾನೇ ಕೇಳ್ತೀನಿ ತಾಳು."

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಗ್ಲಾಡಿಸ್ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು. ಯಾಸ್ನಾಳಿಗೆ ಅಮ್ಮನ ಉತ್ತರದಲ್ಲಿ ಎಲ್ಲ ಸರಿಹೋದಂತೆ ಕಂಡರೂ ಏನೋ ಒಂದು ಕಡೆ ಕೂಡಿಬರಲಿಲ್ಲ. ಎಂಟು ವರ್ಷದ ಮಗುವನ್ನು ಹಾಸಿಗೆಗೆ ಎಳೆದುಕೊಳ್ಳುವ ಆ ಹೆಂಗಸು ಯಾಕೋ ತುಂಬ ಚಿಕ್ಕ ವಯಸ್ಸಿನವಳಂತೆ ಕಣ್ಣ ಮುಂದೆ ಬರುತ್ತಿದ್ದಳು.

ಭಾನುವಾರ ಅಜ್ಜಿ ಎಂಪನಾಡಾ ಮಾಡಿದ್ದಳು. ಈರುಳ್ಳಿ ಕೈಮಾದ ಹೂರಣ ಹಾಕಿ ಸುಟ್ಟ ಕಡುಬಿನ ವಾಸನೆ ಗೇಟಿನವರೆಗೂ ಬಂದಿತ್ತು. ತಿನ್ನುವವರೆಗೂ ಗ್ಲಾಡಿಸ್ ತಡೆದುಕೊಂಡಳು. ಚಹಾ ಬಂದಮೇಲೆ ಆಗಲಿಲ್ಲ.

"ಅಮ್ಮ, ನಮ್ಮನೆಯಿಂದ ಕಾಗದ ಬಂದಿದೆ."

"ಯಾವ ಮನೆ?"

"ವಾಲ್ಪರೈಸೊದ್ದು. ಈಗ ಇರೋಳು ಬರೆದಿದಾಳೆ. ಕಾರ್ಮೆನ್ ಅಂತ ಯಾರು ಹೇಳು ನೋಡೋಣ?"

ಅಜ್ಜಿಯ ಕೈಯಲ್ಲಿದ್ದ ಚಹಾದ ಲೋಟ ತುಟಿಯವರೆಗೂ ಹೋಗಿ ಕೆಳಗೆ ಬಂತು.

"ಗೊತ್ತಿಲ್ಲ."

"ಅವಳ ಅಜ್ಜಿಯಂತೆ! ಚಿಲೊಯೆಯವಳಂತೆ! ನಿನಗೆ ಅಕ್ಕ ಇದ್ಲಾ? ಚಿಕ್ಕಮ್ಮನಾ? ಮುಚ್ಚಿಡಬೇಡ, ಈ ವಯಸ್ಸಲ್ಲಿ ಇನ್ನೇನು ನಾಚಿಕೆ?"

"ಯಾರ ಅಜ್ಜಿ?"

"ಪಿಲಾರ್ ಅಂತೆ, ಅವಳ ಅಜ್ಜಿ. ನಾನಾ ಕಾರ್ಮೆನ್ ಅಂತ ಬರೆದಿದಾಳೆ. ಯಾಸ್ನಾ, ತೋರಿಸೇ."

ಯಾಸ್ನಾ ಪತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಬಂದಿದ್ದಳು. ಅಜ್ಜಿ ಕಪಾಟಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಬೆರಳು ಒಂದು ಕಡೆ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗುವುದಕ್ಕೆ ಬಹಳ ಹೊತ್ತಾಯಿತು. ಮುಗಿಸಿ ಕಾಗದವನ್ನು ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನಾನಾ ಅಂದ್ರೆ ಅಜ್ಜಿ ಅಲ್ಲ," ಎಂದಳು.

"ಮತ್ತೆ?"

"ಅದು ಇಲ್ಲಿನ ಮಾತು. ಅಲ್ಲಿ ನಾನಾ ಅಂದ್ರೆ ಮನೆಕೆಲಸದವಳು. ಮನೇಲೇ ಇದ್ದು ಅಡಿಗೆ ಮಾಡಿ, ಬಟ್ಟೆ ಒಗೆದು, ಮಕ್ಕಳನ್ನ ನೋಡ್ಕೊಳ್ಳೋಳು."

ಗ್ಲಾಡಿಸ್ ನಕ್ಕಳು. "ಅಯ್ಯೋ! ಹಾಗಾದ್ರೆ ಆ ಕಾರ್ಮೆನ್ ನಿಮ್ಮನೆ ಕೆಲಸದವಳಾ? ನಿಮ್ಮಪ್ಪನೇ ದ್ವೀಪದಿಂದ ಕರ್ಕೊಂಡು ಬಂದಿರಬೇಕು!"

"ಕಾರ್ಮೆನ್ ಅಂದ್ರೆ ನಾನು," ಎಂದಳು ಅಜ್ಜಿ.

ಯಾಸ್ನಾಳಿಗೆ ಮೊದಲು ಅನ್ನಿಸಿದ್ದು ಅಜ್ಜಿಗೆ ಎಲ್ಲೋ ಕಲಸುಮೇಲೋಗರವಾಗಿದೆ ಎಂದು. ಹೆರ್ಮಿಂದಾ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿತ್ತು, ಔಷಧಿ ಚೀಟಿಗಳಲ್ಲಿತ್ತು, ತಾತನ ಸಮಾಧಿಯ ಕಲ್ಲಿನ ಮೇಲೆ ಅವನ ಹೆಸರಿನ ಪಕ್ಕ ಜಾಗ ಬಿಟ್ಟು ಕೆತ್ತಿಸಿಯೂ ಆಗಿತ್ತು.

"ನಿನ್ನ ಹೆಸರು ಹೆರ್ಮಿಂದಾ ಅಲ್ವಾ ಅಜ್ಜಿ?"

"ಯಜಮಾನಿಯ ಅತ್ತೆ ಹೆಸರೂ ಹೆರ್ಮಿಂದಾ. ಮನೇಲಿ ಇಬ್ಬರು ಹೇಗಾಗುತ್ತೆ? ಪಾತ್ರೆ ತೊಳಿ ಬಾರೇ ಹೆರ್ಮಿಂದಾ ಅಂತ ಕೂಗಿದ್ರೆ ದೊಡ್ಡಮ್ಮೋರು ಓ ಅಂದ್ಬಿಟ್ರೆ?" ಅಜ್ಜಿ ತಾನೇ ಸ್ವಲ್ಪ ನಕ್ಕಳು. "ಹೋದ ದಿವಸಾನೇ ಹೇಳಿದ್ರು, ನಿನ್ನ ಹೆಸರು ಇವತ್ತಿಂದ ಕಾರ್ಮೆನ್ ಅಂತ. ಹದಿಮೂರು ವರ್ಷ ನಂಗೆ. ಹೂಂ ಅಂದೆ."

"ಸುಳ್ಳು," ಎಂದಳು ಗ್ಲಾಡಿಸ್. ಅದು ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. "ಮರದ ವ್ಯಾಪಾರ?"

"ಅಪ್ಪ ಮರ ಕಡೀತಿದ್ದ. ಅರವತ್ತರ ಭೂಕಂಪಕ್ಕೆ ಸಮುದ್ರ ಮೇಲೆ ಬಂದು ದೋಣಿನೂ ಹೋಯ್ತು, ಆಲೂಗಡ್ಡೆ ಹೊಲನೂ ಹೋಯ್ತು. ಮರುವರ್ಷ ನನ್ನ ಕಳಿಸಿದ್ರು."

"ಪಿಯಾನೊ?"

"ಇತ್ತು. ದಿನಾ ಒರೆಸ್ತಿದ್ದೆ."

"ನಾನು ಶಾಲೇಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದೀನಿ! ಗೋಡೆ ಮೇಲೆ ಚಿತ್ರ ಹಾಕಿದೀನಿ! ನಲವತ್ತೇಳು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬಿಟ್ಟೆಯಲ್ಲಮ್ಮ!"

"ನಾನು ಸುಳ್ಳು ಹೇಳ್ಲಿಲ್ಲ," ಅಜ್ಜಿಯ ದನಿ ಗಟ್ಟಿಯಾಯಿತು. "ಇಲ್ಲಿಗೆ ಬಂದು ವಲಸೆಯೋರ ವಿಲವುಡ್ ಕ್ಯಾಂಪಲ್ಲಿ ಇಳಿದಾಗ ಜೊತೇಲಿದ್ದೋರೆಲ್ಲ ಇಂಜಿನಿಯರ್ ಹೆಂಡ್ತೀರು, ಮೇಷ್ಟ್ರ ಹೆಂಡ್ತೀರು. ನಿಮ್ಮನೆ ಎಲ್ಲಿತ್ತು ಅಂದ್ರು. ಆ ಗುಡ್ಡದ ಮೇಲೆ, ಹಳದಿ ಮನೆ ಅಂದೆ. ನಾನು ಇದ್ದಿದ್ದು ಅಲ್ಲೇ ತಾನೇ? ಹತ್ತು ವರ್ಷ ಮೂಲೆ ಮೂಲೆ ಗುಡಿಸಿ ಒರೆಸಿದ ಮನೆ. ಯಾವ ಹಲಗೆ ಕಿರುಗುಟ್ಟುತ್ತೆ, ಯಾವ ಕಿಟಕಿ ಚಿಲಕ ಬೀಳಲ್ಲ, ಯಜಮಾನಿಗೂ ಗೊತ್ತಿರಲಿಲ್ಲ, ನಂಗೆ ಗೊತ್ತಿತ್ತು. ನಮ್ಮನೆ ಅಂದೆ. ಉಳಿದಿದ್ದೆಲ್ಲ ಅವರವರೇ ಸೇರಿಸ್ಕೊಂಡ್ರು. ನಾನು ಬೇಡ ಅನ್ಲಿಲ್ಲ, ಅಷ್ಟೇ."

ಗ್ಲಾಡಿಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹಿತ್ತಲಿಗೆ ಹೋದಳು. ಹಿಂಬಾಗಿಲ ಜಾಲರಿ ಬಡಿದುಕೊಂಡಿತು. ನಿಂಬೆ ಗಿಡದ ಹತ್ತಿರ ಅವಳು ಕೈಕಟ್ಟಿ, ಬೆನ್ನು ತಿರುಗಿಸಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ಯಾಸ್ನಾ ಹೋಗಲೋ ಇರಲೋ ತಿಳಿಯದೆ ಕೂತಳು. ಅಜ್ಜಿಯ ಮೇಲೆ ಸಿಟ್ಟು ಬರಬೇಕಾಗಿತ್ತು. ಎರಡು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ಕೂಡಿಟ್ಟ ಹಣ, ಒಂದು ಸೆಮಿಸ್ಟರ್ ಬಿಟ್ಟದ್ದು, ಎಲ್ಲ ಆ ಕಿಟಕಿಯ ಹತ್ತಿರ ಒಮ್ಮೆ ನಿಲ್ಲಬೇಕೆಂದು. ಸಿಟ್ಟು ಬರಲಿಲ್ಲ. ಬಂದದ್ದು ಏನೆಂದು ಹೆಸರಿಡುವುದಕ್ಕೂ ಆಗಲಿಲ್ಲ. ಹದಿಮೂರು ವರ್ಷದವಳಾಗಿದ್ದಾಗ ತಾನು ಹಲ್ಲಿಗೆ ತಂತಿ ಹಾಕಿಸಿಕೊಳ್ಳುವುದಿಲ್ಲವೆಂದು ಎರಡು ದಿನ ಊಟ ಬಿಟ್ಟದ್ದು ಸುಮ್ಮನೆ ನೆನಪಾಯಿತು.

"ಯಾಕೆ ಹೇಳದೆ ಬಂದ್ಬಿಟ್ಟೆ ಅಜ್ಜಿ, ಆ ಮನೆಯಿಂದ?"

"ನಿಮ್ಮ ತಾತ ಬಂದರಲ್ಲಿ ಕ್ರೇನ್ ಓಡಿಸ್ತಿದ್ದ. ಮದುವೆ ಆಗೋಣ ಅಂದ. ಯಜಮಾನಿಗೆ ಹೇಳಿದ್ರೆ ಆಗಲ್ಲ ಅಂತಾರೆ, ಪಿಲಾರಳಿಗೆ ಹೇಳಿದ್ರೆ ಅಳ್ತಾಳೆ. ಅವಳು ಅತ್ರೆ ನಾನು ಹೋಗ್ತಿರಲಿಲ್ಲ." ಅಜ್ಜಿ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು. "ಮಾರ್ಕೆಟ್ಟಿಗೆ ಅಂತ ಚೀಲ ಹಿಡ್ಕೊಂಡು ಹೊರಟೆ. ಬರ್ತಾ ಸೀತಾಫಲ ತಗೊಂಡು ಬಾ ಅಂದ್ಲು, ಕಿಟಕಿಯಿಂದ ಕೂಗಿ. ಆಗಲಿ ಅಂದೆ."

ಅಷ್ಟು ಹೇಳಿ, ಚೂರುಗಳನ್ನು ಅಂಗೈಗೆ ತಳ್ಳಿಕೊಂಡು ಎದ್ದು ತೊಟ್ಟಿಗೆ ಹಾಕಿ ಬಂದಳು. ಬರುವಾಗ ಫ್ರಿಜ್ಜಿನ ಮೇಲೆ ಸುರುಳಿ ಸುತ್ತಿಟ್ಟಿದ್ದ ಭೂಪಟವನ್ನು ತಂದಳು. ಇಬ್ಬರೂ ಸೇರಿ ಬಿಚ್ಚಿದರು.

"ಕೆರೆಗಳಿಗೆ ಎಷ್ಟು ದಿನ ಇಟ್ಟಿದೀಯ?"

"ಹತ್ತು. ನೀನೇ ಹೇಳಿದ್ದಕ್ಕೆ."

"ಜಾಸ್ತಿಯಾಯ್ತು. ಕೆರೇಲಿ ಏನಿದೆ, ನೀರು. ಮೂರು ಸಾಕು." ಕೆಂಪು ಪೆನ್ನು ತೆಗೆದುಕೊಂಡು ಅಜ್ಜಿ ಮೇಜಿನ ತುದಿಗೆ ಹೋಗಿ, ಕುರ್ಚಿಯ ಮೇಲೆ ಇಳಿಬಿದ್ದಿದ್ದ ಭಾಗವನ್ನು ಎತ್ತಿ ಹಿಡಿದಳು. ಚಿಲೊಯೆಯ ಪಕ್ಕದ ನೀಲಿಯಲ್ಲಿ ಹೆಸರಿಲ್ಲದ ಪುಡಿ ದ್ವೀಪಗಳಿದ್ದವು. ಕಣ್ಣು ಕಿರಿದಾಗಿಸಿ ಹುಡುಕಿ, ಒಂದರ ಮೇಲೆ ಚುಕ್ಕೆ ಇಟ್ಟಳು. "ಲೆಮುಯ್. ಇಲ್ಲಿಗೆ ಹೋಗು. ಮಳೆ ಬರುತ್ತೆ, ಗಾಳಿಗೆ ಕೊಡೆ ನಿಲ್ಲಲ್ಲ, ಪ್ಲಾಸ್ಟಿಕ್ ಕೋಟು ತಗೊ. ನನ್ನ ತಮ್ಮನ ಮಕ್ಕಳು ಇರಬೇಕು. ಇದಾರೋ ಇಲ್ವೋ. ಮಾನ್ಸಿಯಾ ಅಂತ ಕೇಳು. ಅಲ್ಲಿ ಅರ್ಧ ಜನ ಮಾನ್ಸಿಯಾನೇ."

"ನಿಂಗೆ ತಮ್ಮ ಇದಾನಾ ಅಜ್ಜಿ?"

"ಇದ್ದ. ಒಬ್ಬನಲ್ಲ, ಮೂವರು."

ಯಾಸ್ನಾ ತಲೆ ಹಿಡಿದುಕೊಂಡಳು. ಎಂಟು ವಾರದ ಪಟ್ಟಿಯೆಲ್ಲ ಮತ್ತೆ ಮೊದಲಿನಿಂದ. "ವಾಲ್ಪರೈಸೊ ಏನು ಮಾಡ್ಲಿ? ಬಿಟ್ಬಿಡ್ಲಾ?"

ಹಿಂಬಾಗಿಲು ತೆರೆಯಿತು. ಗ್ಲಾಡಿಸ್ ಒಳಗೆ ಬಂದು ಯಾರನ್ನೂ ನೋಡದೆ ಸಿಂಕಿನ ಹತ್ತಿರ ಹೋಗಿ, ನಲ್ಲಿ ಜೋರಾಗಿ ಬಿಟ್ಟು ತಟ್ಟೆಗಳನ್ನು ತೊಳೆಯತೊಡಗಿದಳು.

ಅಜ್ಜಿ ಮಗಳ ಬೆನ್ನನ್ನು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಎರಡು ರಾತ್ರಿ ಇರು," ಎಂದಳು. "ಮೊದಲು ಅವಳಿಗೆ ಕಾಗದ ಬರಿ. ನಾನು ಹೇಳ್ತೀನಿ, ನೀನು ಬರಿ."

ಯಾಸ್ನಾ ಕಂಪ್ಯೂಟರ್ ತೆರೆದು ಕಾದಳು.

"ಹೇಳು. ಪ್ರೀತಿಯ ಪಿಲಾರ್ ಅಂತ ಹಾಕ್ಲಾ?"

"ಹೆಸರು ಹಿಡಿದು ಹೇಗೆ ಕರೀತೀಯ? ಪುಟ್ಟಮ್ಮೋರೇ ಅಂತ ಹಾಕು." ಯಾಸ್ನಾ ಬರೆದಳು. "ಬೇಡ, ತೆಗಿ. ಅರವತ್ತು ವರ್ಷದೋಳಿಗೆ ಪುಟ್ಟಮ್ಮೋರೇ ಅಂದ್ರೆ ನಗ್ತಾರೆ. ನಗ್ತಾಳೆ."

"ನೀವು ಅಂತ ಬರೀಲಾ, ನೀನು ಅಂತ ಬರೀಲಾ? ಅದಾದ್ರೂ ಹೇಳು ಅಜ್ಜಿ, ಇಲ್ದಿದ್ರೆ ಮೊದಲ ಸಾಲೇ ಆಗಲ್ಲ."

"ಅವಳು ತೊಟ್ಟಿಲಲ್ಲಿದ್ದಾಗಲೂ ನೀವು ಅಂತಾನೇ ಅನ್ಬೇಕಿತ್ತು," ಎಂದಳು ಅಜ್ಜಿ. "ಹಾಲು ಕುಡೀರಿ ಪುಟ್ಟಮ್ಮೋರೇ, ಕಾಲು ಚಾಚಿ ಪುಟ್ಟಮ್ಮೋರೇ. ಭೂಮಿ ನಡುಗಿದಾಗ ಮಾತ್ರ ನೀನು ಅಂತಿದ್ದೆ. ಹೆದರಬೇಡ, ನೀನು ನನ್ನ ಹತ್ರ ಇದೀಯ, ಅಂತ. ಗಲಾಟೇಲಿ ಯಾರಿಗೂ ಕೇಳಿಸ್ತಿರಲಿಲ್ಲ."

ಯಾಸ್ನಾ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟು ಕೂತಳು. ಅಜ್ಜಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಎರಡು ಮಾತುಗಳನ್ನೂ ಒಂದಾದ ಮೇಲೊಂದರಂತೆ ತುಟಿಯಲ್ಲೇ ಅಂದು ನೋಡುತ್ತಿದ್ದಳು. ದನಿ ಹೊರಗೆ ಬರುತ್ತಿರಲಿಲ್ಲ.

ಸಿಂಕಿನ ಬಳಿ ಗ್ಲಾಡಿಸ್ ಕೈಚಾಚಿ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ. ನೊರೆ ಮೆತ್ತಿದ ತಟ್ಟೆಯೊಂದನ್ನು ಹಿಡಿದುಕೊಂಡು ಹಾಗೆಯೇ ನಿಂತಳು.